ಹೊಸ್ತಿಲ ಕೆಳಗಿನ ದುಡ್ಡು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೊಸ್ತಿಲ ಮೇಲೆ ಬೀಳುತ್ತದೆ. ಹೋದವರು ಮನೆಯವರ ಮುಖ ನೋಡಬೇಕು, ಆರೋಗ್ಯ ಕೇಳಬೇಕು, ಕೊಟ್ಟ ನೀರು ಕುಡಿಯಬೇಕು. ಅದು ರೀತಿ. ನಾನು ಮಾತ್ರ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ, ಹೊಸ್ತಿಲು ಸಾಗವಾನಿಯದೋ ಬೇವಿನದೋ, ಅದರ ಸಂದಿಗೆ ಮೆತ್ತಿದ್ದು ಸುಣ್ಣವೋ ಸಿಮೆಂಟೋ ಎಂದು ನೋಡುತ್ತ ನಿಲ್ಲುತ್ತೇನೆ. ಹೆಂಡತಿ ಶಕುಂತಲಾಗೆ ಇದರಿಂದ ತಲೆ ತಗ್ಗಿಸುವಂತಾಗುತ್ತದೆ. "ಅವರು ಏನ್ ತಿಳ್ಕೋಬೇಕ್ರಿ? ಚಪ್ಪಲಿ ಹಾರಸ್ಲಿಕ್ಕೆ ಬಂದಾನ ಅಂತಾರ" ಎಂದು ದಾರಿಯುದ್ದಕ್ಕೂ ಅನ್ನಿಸಿಕೊಂಡು ಮನೆಗೆ ಬರುತ್ತೇನೆ.

ಕಾರಣ ಇದೆ. ನಮ್ಮ ಕಡೆ ಮನೆ ಕಟ್ಟುವಾಗ ತಲೆಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಒಂದು ಸಣ್ಣ ಪೂಜೆ ಆಗುತ್ತದೆ. ಹೊಸ್ತಿಲು ಕೂರುವ ಜಾಗದಲ್ಲಿ ಕುಳಿ ಮಾಡಿ ಅದರಲ್ಲಿ ನಾಲ್ಕು ಕಾಳು ಧಾನ್ಯ, ಒಂದು ಅರಿಷಿಣದ ಕೊಂಬು, ಉಳ್ಳವರಾದರೆ ಒಂದು ಹವಳ, ಇಲ್ಲದವರಾದರೂ ಒಂದು ತಾಮ್ರದ ದುಡ್ಡು ಹಾಕಿ ಮೇಲೆ ಹೊಸ್ತಿಲು ಕೂರಿಸುತ್ತಾರೆ. ಆಮೇಲೆ ಆ ದುಡ್ಡನ್ನು ಯಾರೂ ನೋಡುವುದಿಲ್ಲ. ಸೊಸೆಯರು ಅದನ್ನು ದಾಟಿ ಒಳಗೆ ಬರುತ್ತಾರೆ, ಹಿರಿಯರು ನಾಲ್ಕು ಜನರ ಹೆಗಲ ಮೇಲೆ ದಾಟಿ ಹೊರಗೆ ಹೋಗುತ್ತಾರೆ. ದುಡ್ಡು ಅಲ್ಲೇ ಇರುತ್ತದೆ.

ನಾನು ಇಂಗ್ಲಿಷರ ಕಾಲದ ಚಿಲ್ಲರೆ ನಾಣ್ಯ ಕೂಡಿಸುವವನು. ಬೆಳ್ಳಿ ರೂಪಾಯಿ ಅಲ್ಲ, ಬಂಗಾರದ ಗಿನ್ನಿಯಂತೂ ಅಲ್ಲವೇ ಅಲ್ಲ. ಸಾಲಿ ಮಾಸ್ತರನ ಪಗಾರದಲ್ಲಿ ಅಂಥ ಆಸೆ ಇಟ್ಟುಕೊಂಡರೆ ಹೆಂಡತಿ ಮಕ್ಕಳಿಗೆ ಏಕಾದಶಿಯೇ ಗತಿ. ಪೈ, ಅರ್ಧ ದುಡ್ಡು, ಕಾಲಾಣೆ, ಅರ್ಧಾಣೆ, ಬಹಳ ಆದರೆ ಒಂದಾಣೆ. ಇಷ್ಟೇ ನನ್ನ ಸಾಮ್ರಾಜ್ಯ. ಕಾಲಾಣೆಗೇ ನಮ್ಮ ಹಿರಿಯರು 'ದುಡ್ಡು' ಎನ್ನುತ್ತಿದ್ದರು. ಮೂರು ಪೈ ಕೂಡಿದರೆ ಒಂದು ದುಡ್ಡು, ನಾಲ್ಕು ದುಡ್ಡು ಕೂಡಿದರೆ ಒಂದಾಣೆ. ಆ ಒಂದು ದುಡ್ಡಿಗೆ ಸಂತೆಯಲ್ಲಿ ಉಡಿ ತುಂಬ ಬದನೆಕಾಯಿ ಬರುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿಯರು ಹೇಳುವ ಧಾರಣೆಯನ್ನು ಪೂರ್ತಿ ನಂಬಬಾರದು, ಆದರೂ ಕೇಳಲು ಚೆಂದ.

ನನ್ನ ಸಂಗ್ರಹದ ಮೊದಲ ನಾಣ್ಯ ನನ್ನ ಹೊಟ್ಟೆಯಿಂದಲೇ ಬಂದದ್ದು. ಹುನಗುಂದದಲ್ಲಿ ನಾನು ಐದು ವರ್ಷದವನಿದ್ದಾಗ ಅದೇ ಅಜ್ಜಿಯ ಅಡಿಕೆ ಸಂಚಿಗೆ ಕೈ ಹಾಕಿ ಒಂದು ಪೈ ತೆಗೆದು ಬಾಯಲ್ಲಿಟ್ಟುಕೊಂಡೆ. ಅಷ್ಟರಲ್ಲಿ ಅಪ್ಪ ಬಂದರು. ಹೆದರಿ ನುಂಗಿಬಿಟ್ಟೆ. ಅವ್ವ ಎದೆ ಎದೆ ಬಡಿದುಕೊಂಡಳು, ಅಪ್ಪ ದವಾಖಾನೆಗೆ ಹೊರಟು ನಿಂತರು. ಅಜ್ಜಿ ಮಾತ್ರ ಕೂತಲ್ಲಿಂದ ಏಳಲಿಲ್ಲ. "ಯಾಕ ಅಷ್ಟು ಗದ್ದಲ? ಅದರ ಮ್ಯಾಲೆ ರಾಜನ ಮುಖ ಅದ. ದಾರಿ ಹುಡುಕ್ಕೊಂಡು ತಾನ ಹೊರಗ ಬರ್ತಾನ" ಎಂದಳು. ಎರಡು ದಿನ ಬಾಳೆಹಣ್ಣು ತಿನ್ನಿಸಿದರು. ಮೂರನೆಯ ದಿನ ಹಿತ್ತಲಲ್ಲಿ ರಾಜನ ಸವಾರಿ ಆಯಿತು. ಅಜ್ಜಿ ಅದನ್ನು ಬೂದಿಯಿಂದ ತಿಕ್ಕಿ ತೊಳೆದು ನನ್ನ ಕೈಗೇ ಕೊಟ್ಟಳು. ಈಗಲೂ ನನ್ನ ಆಲ್ಬಮ್ಮಿನ ಮೊದಲ ಪುಟದಲ್ಲಿ ಅದೇ ಇದೆ. ಶಕುಂತಲಾ ಎಲ್ಲ ಪುಟ ತಿರುವುತ್ತಾಳೆ, ಆ ಪುಟಕ್ಕೆ ಕೈ ಹಚ್ಚುವುದಿಲ್ಲ.

ಮುಂದೆ ಇಳಕಲ್‌ನಲ್ಲಿ ನನಗೆ ಹೈಸ್ಕೂಲ್ ನೌಕರಿ ಸಿಕ್ಕಿತು. ಇತಿಹಾಸ ಕಲಿಸುವ ಕೆಲಸ. ಊರೆಲ್ಲ ಸೀರೆ ನೋಡಲು ಬರುವ ಪೇಟೆಯಲ್ಲಿ ನಾನು ಮಾತ್ರ ಹಳೆಯ ತಾಮ್ರದ ಪಾತ್ರೆ ಕೊಳ್ಳುವ ಅಂಗಡಿಯ ಕಟ್ಟೆ ಹಿಡಿದು ಕೂರುತ್ತಿದ್ದೆ. ಹಳ್ಳಿಯವರು ಸೋರುವ ಕೊಡದ ಜೊತೆ ಗಂಟು ಕಟ್ಟಿ ತಂದ ಹಳೆಯ ನಾಣ್ಯವನ್ನೂ ತಕ್ಕಡಿಗೆ ಹಾಕುತ್ತಿದ್ದರು. ಕರಗುವ ಮೊದಲು ನನಗೊಂದು ಸಲ ತೋರಿಸಬೇಕೆಂದು ಅಂಗಡಿಯವನ ಜೊತೆ ಒಪ್ಪಂದ. ನಡುವೆ ತೂತಿದ್ದ ಬಿಲ್ಲೆಗಳು ಅಲ್ಲೇ ಸಿಕ್ಕವು. ಎರಡನೇ ಮಹಾಯುದ್ಧದಲ್ಲಿ ಲೋಹಕ್ಕೆ ಬರ ಬಂದು, ಸರ್ಕಾರ ದುಡ್ಡಿನ ಹೊಟ್ಟೆಯನ್ನೇ ಕೊರೆದು ತಾಮ್ರ ಉಳಿಸಿತು. ನಮ್ಮ ಹೆಂಗಸರು ಆ ತೂತಿಗೆ ದಾರ ಪೋಣಿಸಿ ಕೂಸುಗಳ ನಡುವಿಗೆ ಕಟ್ಟಿದರು. ಎಲ್ಲೋ ಯುದ್ಧ, ಇಲ್ಲಿ ಕೂಸಿಗೆ ಉಡದಾರ. ತರಗತಿಯಲ್ಲಿ ಇದನ್ನು ಹೇಳಿದಾಗ ಮಾತ್ರ ಮಕ್ಕಳು ಆಕಳಿಸುತ್ತಿರಲಿಲ್ಲ.

ಇಷ್ಟೆಲ್ಲ ತಿಳಿದವನು ಮೋಸ ಹೋಗುವುದಿಲ್ಲ ಎಂದುಕೊಂಡಿದ್ದೆ. ಒಮ್ಮೆ ಮಕ್ಕಳನ್ನು ಬಾದಾಮಿಗೆ ಪ್ರವಾಸ ಕರೆದುಕೊಂಡು ಹೋದಾಗ ಗುಹೆಯ ಮೆಟ್ಟಿಲ ಬಳಿ ಒಬ್ಬ ಅರಿವೆ ಗಂಟು ಬಿಚ್ಚಿ ಹಳೆಯ ನಾಣ್ಯವೊಂದನ್ನು ತೋರಿಸಿ, "ಹೊಲದಾಗ ಸಿಕ್ಕದ್ರಿ ಸಾಹೇಬ್ರ" ಎಂದು ಪಿಸುಗುಟ್ಟಿದ. ಮಕ್ಕಳೆದುರು ಠೀವಿಯಿಂದ ಕೊಂಡೆ. ಇಳಕಲ್‌ಗೆ ಬಂದು ಭೂತಗನ್ನಡಿ ಹಿಡಿದರೆ ಮುಖ ಎಡ್ವರ್ಡ್ ರಾಜನದು, ಇಸವಿ ಅವನ ತಾಯಿ ವಿಕ್ಟೋರಿಯಾ ಆಳುತ್ತಿದ್ದ ಕಾಲದ್ದು! ಆ ವರ್ಷವಿಡೀ ನಮ್ಮ ಸ್ಟಾಫ್ ರೂಮಿನಲ್ಲಿ ನನ್ನನ್ನು ಯಾರೂ ಇತಿಹಾಸದ ಮಾಸ್ತರ ಎಂದು ಕರೆಯಲಿಲ್ಲ.

ನಗೆಯ ಮಾತು ಇಷ್ಟಕ್ಕೇ ಸಾಕು. ಹೇಳಬೇಕಾದದ್ದು ಬೇರೆ ಇದೆ, ಅದನ್ನು ಹೇಳಲು ಮನಸ್ಸಿಲ್ಲದೆ ಸುತ್ತು ಹಾಕುತ್ತಿದ್ದೇನೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಾಗಲಕೋಟೆಗೆ ಬರುತ್ತದೆ ಎಂದಾದಾಗ ಹಳೆಯ ಊರಿನ ಜನ ಮನೆ ಬಿಚ್ಚತೊಡಗಿದರು. ಕಟ್ಟುವುದನ್ನು ನೋಡಿದ್ದೆ, ಬಿಚ್ಚುವುದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ತೊಲೆ, ಜಂತಿ, ಕಿಟಕಿ, ಬಾಗಿಲು, ಒಂದೊಂದಾಗಿ ಇಳಿಸಿ ಟ್ರ್ಯಾಕ್ಟರಿಗೆ ಹೇರಿ, ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಕಡೆ ಒಯ್ಯುತ್ತಿದ್ದರು. ಭಾನುವಾರಕ್ಕೊಮ್ಮೆ ನಾನು ಇಳಕಲ್‌ನಿಂದ ಬಸ್ಸು ಹಿಡಿದು ಬರುತ್ತಿದ್ದೆ. ಯಾರಿಗೂ ಸಮಾಧಾನ ಹೇಳಲು ಬಂದವನಲ್ಲ. ಚೌಕಟ್ಟು ಕಿತ್ತರೆ ಹೊಸ್ತಿಲ ಕೆಳಗಿನ ದುಡ್ಡು ಹೊರಬೀಳುತ್ತದೆ ಎಂದು ಬಂದವನು. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮನೆ ಬಿಚ್ಚುವ ಕೂಲಿಯವರಲ್ಲಿ ಯಮನಪ್ಪ ಎಂಬವನಿದ್ದ. ಹಳೇ ಪೇಟೆಯ ಹಿಂದಿನ ಒಂದು ಓಣಿಯ ಬಾಗಿಲುಗಳನ್ನೆಲ್ಲ ಅವನ ಗುಂಪೇ ಕಿತ್ತಿತು. ಸಿಕ್ಕ ದುಡ್ಡನ್ನು ಮನೆಯವರು ಇದ್ದರೆ ಅವರಿಗೆ ಕೊಡುತ್ತಿದ್ದ, ಇಲ್ಲದಿದ್ದರೆ ತಂಬಾಕಿನ ಡಬ್ಬಿಯಲ್ಲಿ ನನಗಾಗಿ ಇಡುತ್ತಿದ್ದ. ಹಾಗೆ ಹನ್ನೊಂದು ಕಾಲಾಣೆಗಳು ನನ್ನ ಪಾಲಿಗೆ ಬಂದವು. ಮಣ್ಣು, ಸುಣ್ಣ, ಅರಿಷಿಣ, ಕುಂಕುಮ ಎಲ್ಲ ಕೂಡಿ ಹೆಪ್ಪುಗಟ್ಟಿ ಕರ್ರಗೆ ಕೂತಿದ್ದವು. ಯಮನಪ್ಪ ಒಂದೊಂದನ್ನೇ ಕೈಗೆ ಇಡುತ್ತ, "ಇದು ಬೇವಿನ ಗಿಡದ ಮನೀದು ನೋಡ್ರಿ. ಇದು ಬಾಂವಿ ಎದುರಿಂದು. ಇದು ಆ ಕುಂಟ ಸಾವಕಾರ್ದು" ಎಂದ. ನಾನು ಪರೀಕ್ಷೆಯ ಉತ್ತರಪತ್ರಿಕೆಯ ಅಂಚು ಹರಿದು ಪೆನ್ಸಿಲ್ಲಿನಿಂದ ಹಾಗೇ ಬರೆದುಕೊಂಡು, ಒಂದೊಂದು ಚೀಟಿಯಲ್ಲಿ ಒಂದೊಂದು ದುಡ್ಡು ಸುತ್ತಿಟ್ಟೆ.

ಆ ಹನ್ನೊಂದರಲ್ಲಿ ಒಂದು ಅಪರೂಪದ್ದಿತ್ತು. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಹೊಸದರಲ್ಲಿ, ಸಾವಿರದ ಒಂಬೈನೂರ ಹನ್ನೊಂದರಲ್ಲಿ, ಟಂಕಿಸಿದ ನಾಣ್ಯಗಳ ಮೇಲೆ ರಾಜನ ನಿಲುವಂಗಿಯಲ್ಲಿ ಒಂದು ಸಣ್ಣ ಆನೆ ಇತ್ತು. ಅದರ ಸೊಂಡಿಲು ಗಿಡ್ಡವಾಗಿ, ಆನೆ ಹೋಗಿ ಹಂದಿಯಂತೆ ಕಾಣುತ್ತಿತ್ತು. ಜನ ಹೇಸಿಕೊಂಡರು, ಸರ್ಕಾರ ಗಾಬರಿಯಾಗಿ ಮುಂದಿನ ವರ್ಷ ಅಚ್ಚು ತಿದ್ದಿತು. ಅದಕ್ಕೇ ಆ ವರ್ಷದ ನಾಣ್ಯದ ಮೇಲೆ ನನ್ನಂಥವರಿಗೆ ಜೀವ. ಅಂಥದ್ದೊಂದು ಬಾಗಲಕೋಟೆಯ ಯಾವುದೋ ಹೊಸ್ತಿಲ ಕೆಳಗಿಂದ ಬಂದಿತ್ತು.

ನಿವೃತ್ತಿಯ ವರ್ಷ ಶಾಲೆಯಲ್ಲಿ ನನ್ನ ಸಂಗ್ರಹದ ಪ್ರದರ್ಶನ ಇಟ್ಟರು. ನನಗೆ ಕಾಲು ನೆಲಕ್ಕೆ ಹತ್ತಲಿಲ್ಲ. ಹಳೆಯ ತಾಮ್ರವನ್ನು ತಿಕ್ಕಬಾರದು, ಅದರ ಮೇಲಿನ ಕಪ್ಪೇ ಅದರ ಆಯುಷ್ಯ ಎಂದು ನಾಣ್ಯ ಕೂಡಿಸುವವರಲ್ಲಿ ಒಂದು ನೇಮವಿದೆ. ಆದರೆ ನಾವು ಹುಟ್ಟಿ ಬೆಳೆದದ್ದು ದೇವರ ತಂಬಿಗೆ ಫಳಫಳ ಹೊಳೆಯದಿದ್ದರೆ ಊಟ ಮಾಡದ ಮನೆಗಳಲ್ಲಿ. ಮಂದಿ ನೋಡುವ ವಸ್ತು, ಹೊಲಸಾಗಿದ್ದರೆ ಹೇಗೆ? ಹುಣಸೆಹಣ್ಣು ನೆನೆಹಾಕಿ, ಉಪ್ಪು ಬೆರೆಸಿ, ಬಚ್ಚಲಲ್ಲಿ ಕೂತು ಹನ್ನೊಂದನ್ನೂ ನಾನೇ ತಿಕ್ಕಿದೆ. ನವವಧುಗಳಂತೆ ಹೊಳೆದವು. ಚೀಟಿಗಳು ಹಳತಾಗಿ ಹರಿದಿದ್ದವು, ಕಸದ ಬುಟ್ಟಿಗೆ ಹಾಕಿದೆ. ಅಂದವಾದ ಅಕ್ಷರದಲ್ಲಿ ಇಸವಿ ಬರೆದು, ರಾಜರ ಅನುಕ್ರಮದಲ್ಲಿ ಜೋಡಿಸಿದೆ. ಬಂದವರೆಲ್ಲ ಹೊಗಳಿದರು. ಬೇವಿನ ಗಿಡದ ಮನೆ ಅಂದೇ ಕಳೆದುಹೋಯಿತು, ಅದು ನನಗೆ ಗೊತ್ತೂ ಆಗಲಿಲ್ಲ.

ಈಗ ನಾವು ನವನಗರದಲ್ಲಿದ್ದೇವೆ. ಈ ವರ್ಷ ನಮ್ಮ ಮನೆಯಿಂದ ಮೂರನೆಯ ಪ್ಲಾಟಿನಲ್ಲಿ ಮಹಾದೇವಿ ಎಂಬ ನರ್ಸಮ್ಮ ಮನೆ ಕಟ್ಟಿಸಲು ಹಿಡಿದರು. ಸಂಜೆ ತಿರುಗಾಡಲು ಹೋದಾಗ ಅಲ್ಲಿ ನಿಂತು ಕೇಳದ ಸಲಹೆ ಕೊಡುವುದು ನನ್ನ ಕೆಲಸ. ಒಂದು ದಿನ, "ಹೊಸ್ತಲದ ಕೆಳಗ ಸ್ಟೀಲಿನ ರೂಪಾಯಿ ಹಾಕಬ್ಯಾಡ್ರಿ ಮತ್ತ, ತಾಮ್ರ ಇರಬೇಕು. ನನ್ನ ಹತ್ರ ಹಳೇ ಬಾಗಲಕೋಟಿ ಹೊಸ್ತಲದ್ವ ಹನ್ನೊಂದು ದುಡ್ಡು ಅವ" ಎಂದು ಜಂಬ ಕೊಚ್ಚಿದೆ. ಮಹಾದೇವಿಯ ತಾಯಿ ನೀಲವ್ವ ಇಟ್ಟಿಗೆ ರಾಶಿಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಂಬತ್ತರ ಹತ್ತಿರದ ಜೀವ, ಹಣೆಯ ತುಂಬ ವಿಭೂತಿ. ತಟ್ಟನೆ ಮುಖ ಎತ್ತಿದರು.

"ಯಾವ ಓಣೀವ್ರಿ ಅವು, ಮಾಸ್ತರ್ರ?"

"ಹಳೇ ಪ್ಯಾಟಿ ಹಿಂದಿನ ಓಣೀವ್ರಿ, ಅಕ್ಕಾರ. ಯಮನಪ್ಪ ಅಂತ ಒಬ್ಬಾಂವ ಕಿತ್ತಿದ್ದ."

"ಅದು ನಮ್ಮ ಓಣಿ. ನಮ್ಮ ಮನಿ ಮುಂದ ಬೇವಿನ ಗಿಡ ಇತ್ರಿ."

ಆ ಚೀಟಿಯ ಮೇಲಿನ ನನ್ನದೇ ಪೆನ್ಸಿಲ್ ಅಕ್ಷರ ಕಣ್ಣಿಗೆ ಕಟ್ಟಿತು.

ನೀಲವ್ವನವರು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹೇಳಿದರು. "ನಮ್ಮವ್ವ ಗುಡೂರಿಂದ ನನ್ನ ಗಂಡನ ಮನಿಗೆ ಕಳಸೂಮುಂದ ಉಡಿ ತುಂಬಿದ್ಲ್ರಿ. ಅಕ್ಕಿ, ಕೊಬ್ರಿ, ಉತ್ತತ್ತಿ, ಮ್ಯಾಲೆ ಒಂದು ದುಡ್ಡು. ಆಗ ನಯಾ ಪೈಸಾ ಬಂದಿದ್ವು, ಆ ದುಡ್ಡು ಪ್ಯಾಟ್ಯಾಗ ನಡೀತಿದ್ದಿಲ್ಲ. ಆದ್ರೂ ಉಡ್ಯಾಗ ತಾಮ್ರ ಇರಬೇಕು ಅಂತ ಹಾಕಿದ್ಲು. ಇಲ್ಲಿ ಬಂದ್ರ ಅದೇ ತಿಂಗಳ ಬಾಗಲಾ ನಿಂದ್ರಸೂದು ಇಟ್ಕೊಂಡಿದ್ರು. ನಮ್ಮತ್ತಿ, ಹೊಸಾ ಸೊಸಿ ನೀ, ನಿನ್ನ ಉಡ್ಯಾಗಿನ ದುಡ್ಡ ಹಾಕು ಅಂದ್ರು. ಹಾಕಿದ್ನಿ. ನಾಕು ತಿಂಗಳಿಗೆ ಅವ್ವ ತೀರಿಕೊಂಡ್ಲು. ಆಕೀದು ಒಂದು ಫೋಟೋ ಇಲ್ಲ, ಒಂದು ಸೀರಿ ಇಲ್ಲ. ಆಕಿ ಕೈಯಿಂದ ಬಂದದ್ದು ಅದೊಂದ. ದಿನಾ ಹೊಸ್ತಲಕ್ಕ ರಂಗೋಲಿ ಹಾಕೂಮುಂದ ಆಕೀನ್ನ ಮಾತಾಡಸ್ತಿದ್ನಿ."

"ಮನಿ ಬಿಚ್ಚೂಮುಂದ ನೀವು ಇದ್ದಿಲ್ಲೇನ್ರಿ?"

"ಯಜಮಾನ್ರನ್ನ ದವಾಖಾನ್ಯಾಗ ಇಟ್ಕೊಂಡು ಕುಂತಿದ್ನಿ. ಬಂದು ನೋಡಿದ್ರ ಬಾಗಲಾನೂ ಇಲ್ಲ, ಹೊಸ್ತಲಾನೂ ಇಲ್ಲ. ಅದು ನೀರಾಗ ಹೋತು ಅಂತ ತಿಳಿದು ಇಷ್ಟು ವರ್ಷ ಸುಮ್ಮ ಆಗಿದ್ನಿ, ಮಾಸ್ತರ್ರ. ನಿಮ್ಮ ಹತ್ರ ಐತಿ ಅಂದ್ರ ಅದನ್ನ ಮಗಳ ಹೊಸ್ತಲಕ್ಕ ಹಾಕ್ತೇನಿ. ನಾಡದು ಚೌಕಟ್ಟು ನಿಂದ್ರಸೂದೈತಿ."

"ಅದರ ಮ್ಯಾಲೆ ರಾಣಿ ಮುಖ ಇತ್ತೋ, ರಾಜಂದೋ? ನೆನಪದ ಏನ್ರಿ?" ಎಂದು ಕೇಳಿದೆ. ಮುಳುಗುವವನ ಕೈಗೆ ಹುಲ್ಲುಕಡ್ಡಿ ಬೇಕಿತ್ತು.

"ತವರುಮನಿ ಬಿಟ್ಟು ಬರೂಮುಂದ ದುಡ್ಡಿನ ಮಖ ಯಾರು ನೋಡ್ತಾರ್ರಿ? ನಾ ಅಳಕೋತ ಇದ್ನಿ" ಎಂದರು.

ಹುಡುಕುತ್ತೇನೆ ಎಂದು ಹೇಳಿ ಮನೆಗೆ ಬಂದೆ. ಹುಡುಕುವುದೇನಿತ್ತು? ಹನ್ನೊಂದೂ ಪ್ಲಾಸ್ಟಿಕ್ ಜೇಬಿನಲ್ಲಿ ಸಾಲಾಗಿ ಕೂತಿದ್ದವು. ಯಾವ ರಾಜ, ಯಾವ ಇಸವಿ, ಯಾವ ಟಂಕಸಾಲೆ, ಕಣ್ಣು ಮುಚ್ಚಿ ಹೇಳಬಲ್ಲೆ. ಬೇವಿನ ಗಿಡದ ಮನೆಯದು ಯಾವುದು ಎಂದು ಮಾತ್ರ ಹೇಳಲಾರೆ. ಒಂದಿಷ್ಟು ಹಳೆಯ ಅರಿಷಿಣ ಕುಂಕುಮವಾದರೂ ಉಳಿದಿದ್ದರೆ ನೀಲವ್ವನವರ ಕಣ್ಣು ಗುರುತು ಹಿಡಿಯುತ್ತಿತ್ತೋ ಏನೋ. ಅದನ್ನೂ ನಾನೇ ತಿಕ್ಕಿ ಬಚ್ಚಲಿಗೆ ಹರಿಸಿದ್ದೆ.

ಶಕುಂತಲಾ ಎಲ್ಲ ಕೇಳಿ, "ಯಾವುದರೆ ಒಂದು ಕೊಟ್ಟುಬಿಡ್ರಿ. ಅವರಿಗೇನ್ ಗೊತ್ತಾಗ್ತದ? ವಯಸ್ಸಾದ ಜೀವ, ಸಮಾಧಾನ ಆಗ್ತದ" ಎಂದಳು. ಸಾಂತ್ವನಕ್ಕೆ ಹೇಳುವ ಸುಳ್ಳು ಸುಳ್ಳಲ್ಲ ಎಂದು ನಾನೂ ಒಪ್ಪಿಕೊಂಡೆ. ಮರುದಿನ ಬೆಳಿಗ್ಗೆ ಆ ಹನ್ನೊಂದರಲ್ಲಿ ವಿಕ್ಟೋರಿಯಾ ರಾಣಿಯ ಒಂದು ಕಾಲಾಣೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟೆ. ನಿಜ ಹೇಳುತ್ತೇನೆ, ಇದ್ದದ್ದರಲ್ಲಿ ಅಗ್ಗದ್ದನ್ನೇ ಆರಿಸಿದ್ದೆ.

ನೀಲವ್ವನವರು ಎರಡೂ ಕೈ ಚಾಚಿ ಬೊಗಸೆ ಮಾಡಿ ಅದನ್ನು ಇಸಿದುಕೊಂಡರು. ಕಣ್ಣ ಹತ್ತಿರ ಹಿಡಿದರು, ಹೆಬ್ಬೆರಳಿನಿಂದ ಸವರಿದರು. ಆಮೇಲೆ ಕಣ್ಣಿಗೊತ್ತಿಕೊಂಡು, "ಯವ್ವಾ" ಎಂದರು. ಕೂಸು ಕರೆದ ಹಾಗೆ ಕರೆದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

"ಅಕ್ಕಾರ, ಅದು ನಿಮ್ಮದು ಹೌದೋ ಅಲ್ಲೋ ನನಗ ಗೊತ್ತಿಲ್ಲ" ಎಂದುಬಿಟ್ಟೆ. ಚೀಟಿ ಬರೆದದ್ದು, ಎಸೆದದ್ದು, ಹುಣಸೆಹಣ್ಣು ಹಚ್ಚಿದ್ದು, ಇಸವಿ ಪ್ರಕಾರ ಜೋಡಿಸಿದ್ದು, ಎಲ್ಲ ಹೇಳಿದೆ. ಹೇಳುತ್ತಿದ್ದಂತೆ ಅವರ ಕೈ ಕಣ್ಣಿನಿಂದ ಕೆಳಗಿಳಿಯಿತು.

"ಏಸು ವರ್ಷ ಸಾಲಿ ಕಲಿಸಿದ್ರಿ, ಮಾಸ್ತರ್ರ?"

"ಮೂವತ್ತರ ಮ್ಯಾಲಾತ್ರಿ."

"ಇಸವಿ ಉಳಿಸಿಕೊಂಡು ಮನಿ ಹೆಸರು ಕಸಕ್ಕ ಹಾಕಿದ್ರಿ. ಹುಡುಗೂರಿಗೆ ಹಿಂಗ ಕಲಿಸಿದ್ರೇನು?"

ಅವರ ದನಿಯಲ್ಲಿ ಏರು ಇರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ತಲೆ ತಗ್ಗಿಸಿ ನಿಂತೆ. ಗೋಡೆ ಕಟ್ಟುವ ಗೌಂಡಿ ಇಟ್ಟಿಗೆಗೆ ನೀರು ಹೊಡೆಯುತ್ತಿದ್ದ.

"ಹನ್ನೊಂದರಾಗ ನಮ್ಮವ್ವಂದು ಐತಿ ಅನ್ನೂದು ಖರೆ?" ಎಂದು ಕಡೆಗೆ ಕೇಳಿದರು.

"ಖರೆ, ಅಕ್ಕಾರ. ಬೇವಿನ ಗಿಡದ ಮನಿ ಅಂತ ನನ್ನ ಕೈಲೆ ಬರೆದೇನಿ."

"ಹಂಗಾರ ಹನ್ನೊಂದೂ ತರ್ರಿ."

ಸಾವಿರದ ಒಂಬೈನೂರ ಹನ್ನೊಂದರ ಆ ಕಾಲಾಣೆ ಮನಸ್ಸಿಗೆ ಬಂತು. ಬುದ್ಧಿ ಎಂಥ ಕಡೆಗೂ ವಕೀಲಿ ಮಾಡುತ್ತದೆ ನೋಡಿ. "ಉಳಿದ ಹತ್ತು ಬ್ಯಾರೆ ಮಂದೀವ ಅಲ್ಲೇನ್ರಿ?" ಎಂದೆ, ನಾನೇನೋ ಆ ಹತ್ತು ಮನೆಯವರ ಪರವಾಗಿ ನಿಂತವನಂತೆ.

"ಅವರ ಮನಿ ಎಲ್ಲೈತ್ರಿ ಈಗ? ಎಲ್ಲಾ ನೀರಾಗ ಐತಿ. ಅವೂ ಯಾರರೆ ಕೈ ಮುಟ್ಟಿ, ಸುಖವಾಗಿರ್ರಿ ಅಂತ ಹಾಕಿದ್ವು. ಒಂದು ಹೊಸ್ತಲದ ಕೆಳಗ ಕೂಡಿ ಇರವಲ್ಲವ್ಯಾಕ? ನಿಮ್ಮ ಪುಸ್ತಕದಾಗ ಕುಂತು ಏನ್ ಮಾಡ್ತಾವು?"

ಅವರು ರಾಣಿಯ ದುಡ್ಡನ್ನು ನನ್ನ ಕೈಗೇ ವಾಪಸು ಇಟ್ಟರು. ಮನೆಗೆ ಬಂದು ಆಲ್ಬಮ್ ತೆರೆದೆ. ಅಪರೂಪದ್ದನ್ನು ತೆಗೆದಿಟ್ಟುಕೊಂಡು ಅದರ ಬದಲಿಗೆ ಬೇರೊಂದು ಸೇರಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು. ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಆದರೆ ನೀಲವ್ವನ ತಾಯಿ ಉಡಿಗೆ ಹಾಕಿದ್ದು ಅದೇ ಆಗಿದ್ದರೆ? ಇರಲಿಕ್ಕಿಲ್ಲ ಎಂದು ಯಾವ ಪುಸ್ತಕ ನೋಡಿ ಹೇಳಲಿ? ಶಕುಂತಲಾ ಬಂದು ಪಕ್ಕದಲ್ಲಿ ಕೂತು, ನನ್ನ ಕೈ ಮುಂದೆ ಹೋಗದ್ದು ನೋಡಿ ತಾನೇ ಒಂದೊಂದನ್ನೂ ಜೇಬಿನಿಂದ ಜಾರಿಸಿ ತಟ್ಟೆಗೆ ಹಾಕಿದಳು.

ಚೌಕಟ್ಟು ನಿಲ್ಲಿಸುವ ದಿನ ಹತ್ತು ಜನ ಸೇರಿದ್ದರು. ಬಡಿಗ ಸಾಗವಾನಿ ಹೊಸ್ತಿಲನ್ನು ತೊಳೆದು ಅರಿಷಿಣ ಬಳಿದಿಟ್ಟಿದ್ದ, ಅದನ್ನು ಕೂರಿಸಲು ಗೌಂಡಿ ಸಿಮೆಂಟು ಕಲಸಿ ಕಾಯುತ್ತಿದ್ದ. ಮಹಾದೇವಿ ತಾಯಿಯನ್ನು ಕುಳಿಯ ಎದುರು ಮಣೆಯ ಮೇಲೆ ಕೂರಿಸಿದರು. ನಾನು ತಟ್ಟೆಯನ್ನು ಮುಂದಿಟ್ಟು ದೂರ ಸರಿದೆ. ನೀಲವ್ವನವರು ಹನ್ನೊಂದಕ್ಕೂ ಅರಿಷಿಣ ಕುಂಕುಮ ಹಚ್ಚಿದರು. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಮೊದಲನೆಯದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಕುಳಿಗೆ ಬಿಟ್ಟರು. "ಇದು ನಮ್ಮವ್ವಂದು" ಎಂದರು. ಎರಡನೆಯದನ್ನು ಎತ್ತಿದರು. ಅದನ್ನೂ ಕಣ್ಣಿಗೊತ್ತಿಕೊಂಡು, "ಇದು ನಮ್ಮವ್ವಂದು" ಎಂದರು. ಮೂರನೆಯದಕ್ಕೂ ಅದೇ ಮಾತು. ನಾಲ್ಕು, ಐದು. ಮಹಾದೇವಿ ಬಾಯಿಗೆ ಸೆರಗು ಹಿಡಿದುಕೊಂಡರು. ಹಂದಿಯಂಥ ಆನೆಯಿದ್ದದ್ದು ಎಷ್ಟನೆಯದಾಗಿ ಹೋಯಿತೋ ನಾನು ನೋಡಲಿಲ್ಲ, ಕಣ್ಣು ಮಂಜಾಗಿತ್ತು.

ತಟ್ಟೆಯಲ್ಲಿ ಒಂದೇ ಉಳಿಯಿತು. ಅಷ್ಟು ಸಲ ಹೇಳಿ ಅವರ ಗಂಟಲು ಒಣಗಿತ್ತು. ಮಗಳು ನೀರು ಕೊಡಲು ಬಂದರೆ ಕೈ ಅಡ್ಡ ಮಾಡಿ ಬೇಡ ಎಂದರು. ಹನ್ನೊಂದನೆಯದನ್ನು ಮೊದಲನೆಯದಕ್ಕಿಂತ ಒಂದು ಚೂರೂ ಕಡಿಮೆಯಲ್ಲದ ಜತನದಿಂದ ಕಣ್ಣಿಗೊತ್ತಿಕೊಂಡು ಕೆಳಗೆ ಬಿಟ್ಟರು.

"ಇದು ನಮ್ಮವ್ವಂದು" ಎಂದು ಹೇಳಿ, ಗೌಂಡಿಯ ಕಡೆ ನೋಡಿ ತಲೆಯಾಡಿಸಿದರು.